ನೈಟ್ರೋಜನ್‌ನಲ್ಲಿ ಕರಗಿಹೋದ ಕಾರ್ಬನ್ ಬ್ಲ್ಯಾಕ್

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ರಬ್ಬರ್ ಸಾಮಾನು ತಯಾರಿಸುವ ಕಾರ್ಖಾನೆಯೊಂದರ ಗುಣಮಟ್ಟ ಪ್ರಯೋಗಾಲಯದಲ್ಲಿ ನಾನಿದ್ದಾಗ, ಒಂದೇ ವಾರದಲ್ಲಿ ಮೂರು ಬ್ಯಾಚ್‌ಗಳಲ್ಲಿ ಕಾರ್ಬನ್ ಬ್ಲ್ಯಾಕ್ (ರಬ್ಬರ್ ಗಟ್ಟಿಯಾಗಲೆಂದು ಬೆರೆಸುವ ಮಸಿಯಂಥ ಕಪ್ಪು ಪುಡಿ) ಕಡಿಮೆಯಿದೆ ಎಂದು ನಮ್ಮ ಟಿಜಿಎ ಯಂತ್ರ ತೋರಿಸಿತು. ಮಿಕ್ಸಿಂಗ್ ವಿಭಾಗದವರು ತೂಕದ ಚೀಟಿಗಳನ್ನು ಮುಂದಿಟ್ಟು, "ಸರ್, ಹಾಕಬೇಕಾದಷ್ಟು ಹಾಕಿದ್ದೇವೆ" ಎಂದರು. ಅವರ ಮಾತೇ ನಿಜವಾಗಿತ್ತು.

ಟಿಜಿಎ, ಅಂದರೆ ಥರ್ಮೋಗ್ರಾವಿಮೆಟ್ರಿಕ್ ಅನಾಲಿಸಿಸ್, ಹತ್ತು ಮಿಲಿಗ್ರಾಂನಷ್ಟು ಮಾದರಿಯನ್ನು ಸೂಕ್ಷ್ಮ ತಕ್ಕಡಿಗೆ ತೂಗುಬಿಟ್ಟು, ನಿಗದಿತ ವೇಗದಲ್ಲಿ ಬಿಸಿಮಾಡುತ್ತಾ ತೂಕ ಇಳಿಯುವುದನ್ನು ದಾಖಲಿಸುವ ವಿಧಾನ. ರಬ್ಬರ್ ಮಾದರಿಯ ಸುತ್ತ ನೈಟ್ರೋಜನ್ ಹರಿಯುತ್ತಿರುವಾಗ ಸುಮಾರು 300 ಡಿಗ್ರಿಯೊಳಗೆ ಎಣ್ಣೆಯಂಥ ಆವಿಯಾಗುವ ಅಂಶಗಳೂ, 550ರ ಆಸುಪಾಸಿನೊಳಗೆ ಪಾಲಿಮರ್, ಅಂದರೆ ಮೂಲ ರಬ್ಬರ್ ಕೂಡ ಹೋಗುತ್ತವೆ. ಬಳಿಕ ಅನಿಲವನ್ನು ಗಾಳಿಗೆ ಬದಲಿಸಿದರೆ ಕಾರ್ಬನ್ ಬ್ಲ್ಯಾಕ್ ಉರಿದು, ಸತುವಿನ ಆಕ್ಸೈಡ್ ಮೊದಲಾದವು ಬೂದಿಯಾಗಿ ಉಳಿಯುತ್ತವೆ. ತೂಕ ಎಷ್ಟು ಹೋಯಿತೆಂಬುದನ್ನು ಮಾತ್ರ ಯಂತ್ರ ಹೇಳುತ್ತದೆ. ಹೋದದ್ದು ಏನೆಂದು ಹೆಸರಿಡುವವರು ನಾವು.

ಆ ಮೂರು ಗ್ರಾಫ್‌ಗಳನ್ನು ಹಳೆಯ ಗ್ರಾಫ್‌ಗಳ ಪಕ್ಕದಲ್ಲಿಟ್ಟಾಗ ಬೂದಿಯ ಪ್ರಮಾಣ ಎಂದಿನಂತೆಯೇ ಇತ್ತು, ಆದರೆ ಕಾರ್ಬನ್ ಎಷ್ಟು ಇಳಿದಿತ್ತೋ ಪಾಲಿಮರ್ ಅಷ್ಟೇ ಏರಿತ್ತು. 600 ಡಿಗ್ರಿಯಲ್ಲಿ ನೈಟ್ರೋಜನ್‌ನಲ್ಲೇ ಹತ್ತು ನಿಮಿಷ ನಿಲ್ಲಿಸಿ ನೋಡಿದಾಗ, ಮಟ್ಟಸವಾಗಿ ಮಲಗಬೇಕಿದ್ದ ರೇಖೆ ನಿಧಾನವಾಗಿ ಕೆಳಗಿಳಿಯುತ್ತಲೇ ಇತ್ತು. ಹಿಂದಿನ ವಾರ ಸಿಲಿಂಡರ್ ಬದಲಿಸಿದಾಗ ಕೊಳವೆಯ ಜೋಡಣೆ ಸಡಿಲವಾಗಿ ಉಳಿದಿತ್ತು. ಅದರೊಳಗೆ ಸೇರಿದ ಆಮ್ಲಜನಕ ಕಾರ್ಬನ್ ಬ್ಲ್ಯಾಕನ್ನು ಮೊದಲೇ ಸುಡುತ್ತಿತ್ತು, ನಾವು ಅದನ್ನು ಪಾಲಿಮರ್ ಲೆಕ್ಕಕ್ಕೆ ಬರೆಯುತ್ತಿದ್ದೆವು.

ಯಂತ್ರ ಸರಿಯಿದೆಯೇ ಎಂದು ನೋಡಲು ಮಾಡುವ ಕ್ಯಾಲ್ಸಿಯಂ ಆಕ್ಸಲೇಟ್ ಮೊನೊಹೈಡ್ರೇಟ್ ಪರೀಕ್ಷೆ ಆ ವಾರವೂ ಸರಿಯಾಗಿಯೇ ಬಂದಿತ್ತೆಂಬುದು ನನ್ನನ್ನು ಹೆಚ್ಚು ಕಾಡಿತು. ಅದರ ಮೂರು ಇಳಿತಗಳು, ಅಂದರೆ ನೀರು ಶೇ. 12.3, ಕಾರ್ಬನ್ ಮಾನಾಕ್ಸೈಡ್ ಶೇ. 19.2, ಕಾರ್ಬನ್ ಡೈಆಕ್ಸೈಡ್ ಶೇ. 30.1, ತಕ್ಕಡಿ ಸರಿಯಿದೆಯೆಂದು ಖಾತ್ರಿಪಡಿಸುತ್ತವೆ. ಆದರೆ ಹೊರಬಂದ ಮಾನಾಕ್ಸೈಡ್ ಆಮ್ಲಜನಕದೊಡನೆ ಸೇರಿ ಉರಿದರೂ ಮಾದರಿ ಇಡುವ ಪ್ಯಾನ್‌ನಲ್ಲಿ ಉಳಿಯುವ ತೂಕ ಬದಲಾಗುವುದಿಲ್ಲವಾದ್ದರಿಂದ, ಸೋರಿಕೆಯನ್ನು ಅದು ಹಿಡಿಯಲಾರದು.

ಸೀಮೆಸುಣ್ಣದ ಪುಡಿ ಬೆರೆತ ರಬ್ಬರ್ ಇನ್ನೊಂದು ತೊಡಕು. ಆ ಪುಡಿಯಲ್ಲಿರುವ ಕ್ಯಾಲ್ಸಿಯಂ ಕಾರ್ಬೊನೇಟ್ ಸಾಮಾನ್ಯವಾಗಿ 600ರಿಂದ 800 ಡಿಗ್ರಿಗಳ ನಡುವೆ ತನ್ನ ತೂಕದ ಶೇ. 44ರಷ್ಟನ್ನು ಕಾರ್ಬನ್ ಡೈಆಕ್ಸೈಡ್ ಆಗಿ ಬಿಡುತ್ತದೆ. ಎಚ್ಚರ ತಪ್ಪಿದರೆ ಅದು ಕಾರ್ಬನ್ ಬ್ಲ್ಯಾಕ್ ಖಾತೆಗೆ ಸೇರುತ್ತದೆ.

ಅಂದಿನಿಂದ ಸಿಲಿಂಡರ್ ಬದಲಿಸಿದ ಪ್ರತಿ ಬಾರಿಯೂ ಪ್ರಮಾಣ ಗೊತ್ತಿರುವ ಹಳೆಯ ರಬ್ಬರ್ ತುಂಡೊಂದನ್ನು ಮೊದಲು ಓಡಿಸಿ, 600 ಡಿಗ್ರಿಯ ಆ ಹತ್ತು ನಿಮಿಷದ ರೇಖೆ ಮಟ್ಟಸವಾಗಿರುವುದನ್ನು ನೋಡಿದ ಮೇಲೆಯೇ ಬ್ಯಾಚ್ ಮಾದರಿಯನ್ನು ಪ್ಯಾನ್‌ಗೆ ಹಾಕುತ್ತೇವೆ.