ಗ್ರೂಪ್ ತುಂಬಾ ಕೋರ್ಸ್ ಪೋಸ್ಟರ್: ಸೋಶಿಯಲ್ ವರ್ಕರ್ ಯಾವುದಕ್ಕೆ ದುಡ್ಡು ಕಟ್ಟಬೇಕು?

ಪ್ರಶ್ನೆ: ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಮುಗಿಸಿ ಬಾಗೇಪಲ್ಲಿ ಕಡೆ ಒಂದು ಸಂಸ್ಥೆಯಲ್ಲಿ ಮಕ್ಕಳ ರಕ್ಷಣೆ ಕೆಲಸ ಮಾಡುತ್ತಿದ್ದೇನೆ. ವಾಟ್ಸಾಪ್ ಗ್ರೂಪ್‌ಗಳಲ್ಲಿ ದಿನಾ ಒಂದಲ್ಲ ಒಂದು ಕೋರ್ಸ್‌ನ ಪೋಸ್ಟರ್ ಬರುತ್ತದೆ. ಎಲ್ಲದರಲ್ಲೂ ಸರ್ಟಿಫಿಕೇಟ್ ಇದೆ ಅಂತಾರೆ. ನನ್ನ ಸಂಬಳದಲ್ಲಿ ಎಲ್ಲಕ್ಕೂ ಕಟ್ಟೋಕಾಗಲ್ಲ. ಯಾವುದಕ್ಕೆ ಸೇರಲಿ?

ಉತ್ತರ: ಸರ್ಟಿಫಿಕೇಟ್ ಚಿಂತೆ ಮೊದಲು ಬಿಡಿ. ಅಮೆರಿಕದಲ್ಲಿ ಸೋಶಿಯಲ್ ವರ್ಕರ್‌ಗಳಿಗೆ ಲೈಸೆನ್ಸ್ ಇದೆ. ಅದನ್ನು ನವೀಕರಿಸಲು ಇಷ್ಟು ಗಂಟೆ ಕಲಿತಿರಬೇಕು ಎಂಬ ನಿಯಮ ಹೆಚ್ಚಿನ ರಾಜ್ಯಗಳಲ್ಲಿದೆ. ನಿಮ್ಮಂತೆ ಸಂಸ್ಥೆಗಳಲ್ಲಿ ದುಡಿಯುವವರಿಗೆ ನಮ್ಮಲ್ಲಿ ಅಂಥ ಲೈಸೆನ್ಸೂ ಇಲ್ಲ, ಗಂಟೆಯ ಲೆಕ್ಕವೂ ಇಲ್ಲ. ಪೋಸ್ಟರ್‌ನಲ್ಲಿ ‘ಕ್ರೆಡಿಟ್ ಸಿಗುತ್ತದೆ’ ಎಂದಿದ್ದರೆ, ಅದನ್ನು ಬಾಗೇಪಲ್ಲಿಯಲ್ಲಿ ಯಾರಿಗೆ ತೋರಿಸೋದು ಅಂತ ಕೇಳಿ ನೋಡಿ! ಅಂಗವಿಕಲರ ಪುನರ್ವಸತಿ ಕೆಲಸದವರನ್ನು ನೋಂದಾಯಿಸುವ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ಹೆಸರು ಬರೆಸಿದವರ ಲೆಕ್ಕ ಬೇರೆ, ನೋಂದಣಿ ನವೀಕರಿಸಲು ಅವರಿಗೆ ತರಬೇತಿಯ ಪಾಯಿಂಟ್‌ಗಳು ಬೇಕು. ಆಸ್ಪತ್ರೆಯಲ್ಲಿರುವ ಮೆಡಿಕಲ್ ಮತ್ತು ಸೈಕಿಯಾಟ್ರಿಕ್ ಸೋಶಿಯಲ್ ವರ್ಕರ್‌ಗಳನ್ನು 2021ರ ಆರೋಗ್ಯ ವೃತ್ತಿಪರರ ಕಾಯ್ದೆ ತನ್ನ ಪಟ್ಟಿಗೆ ಸೇರಿಸಿದೆ. ಅವರು ಅದರ ನಿಯಮಗಳ ಮೇಲೆ ಕಣ್ಣಿಟ್ಟಿರಬೇಕು.

ಕೋರ್ಸ್ ಆರಿಸೋಕೆ ಪೋಸ್ಟರ್‌ಗಿಂತ ನಿಮ್ಮ ಕೇಸ್ ಫೈಲ್‌ಗಳೇ ವಾಸಿ. ಇತ್ತೀಚೆಗೆ ಎಲ್ಲಿ ಕೈಕಟ್ಟಿ ಕೂರಬೇಕಾಯಿತು, ಯಾವ ಮಾತಿಗೆ ಉತ್ತರ ಹೊಳೆಯಲಿಲ್ಲ, ಅದನ್ನು ಬರೆದಿಡಿ. ನಿಮ್ಮ ಕೆಲಸದಲ್ಲಿ ಬಾಲ್ಯವಿವಾಹ ಬರದೇ ಇರುವುದಿಲ್ಲ, ಅದನ್ನೇ ನೋಡೋಣ. ‘ತಾಳಿ ಕಟ್ಟಿ ಆಯ್ತಲ್ಲ, ಇನ್ನೇನು ಮಾಡೋಕಾಗುತ್ತೆ ಮೇಡಂ?’ ಅಂತ ಹುಡುಗಿಯ ಅಪ್ಪ ಕೇಳುತ್ತಾನೆ. 2006ರ ಕೇಂದ್ರದ ಬಾಲ್ಯವಿವಾಹ ನಿಷೇಧ ಕಾಯ್ದೆಯ ಪ್ರಕಾರ ಅಂಥ ಮದುವೆ ಸಾಮಾನ್ಯವಾಗಿ ತಾನಾಗಿ ಬಿದ್ದುಹೋಗುವುದಿಲ್ಲ. ಹುಡುಗಿಯ ಕಡೆಯಿಂದ ಕೋರ್ಟಿಗೆ ಹೋಗಿ ರದ್ದು ಮಾಡಿಸಬೇಕು, ಅದಕ್ಕೂ ಗಡುವಿದೆ. ಕರ್ನಾಟಕದ 2016ರ ತಿದ್ದುಪಡಿ ಹಾಗಲ್ಲ. ಅದು ಜಾರಿಗೆ ಬಂದ ಮೇಲೆ ನಡೆದ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು. ಬೇರೆ ರಾಜ್ಯಗಳೂ ಕರ್ನಾಟಕದ ದಾರಿ ಹಿಡಿದರೆ ಒಳ್ಳೆಯದು ಎಂದು 2017ರಲ್ಲಿ ಸುಪ್ರೀಂ ಕೋರ್ಟೇ ಹೇಳಿತು. ದೆಹಲಿಯಲ್ಲಿ ಕೂತು ಪಾಠ ಮಾಡುವವರು ಬರೀ ಕೇಂದ್ರ ಕಾಯ್ದೆ ಹೇಳಿಕೊಟ್ಟರೆ, ನೀವು ಆ ಅಪ್ಪನಿಗೆ ತಪ್ಪು ಉತ್ತರ ಕೊಡುತ್ತೀರಿ.

ಆದ್ದರಿಂದ ದುಡ್ಡು ಕಟ್ಟುವ ಮುಂಚೆ ಆಯೋಜಕರಿಗೆ ಫೋನ್ ಮಾಡಿ. ‘ಹುಡುಗಿ ನಮ್ಮೂರಿನವಳು, ಮದುವೆ ಗಡಿ ದಾಟಿ ಆಂಧ್ರದ ಹಿಂದೂಪುರದ ಕಡೆ ಆಗಿದೆ. ಯಾವ ಕಾಯ್ದೆ, ಮೊದಲು ಯಾರಿಗೆ ದೂರು?’ ಅಂತ ಕೇಳಿ. ಥಟ್ಟನೆ ಉತ್ತರ ಬರದಿದ್ದರೂ ಪರವಾಗಿಲ್ಲ. ‘ಇದು ಕಷ್ಟದ ಪ್ರಶ್ನೆ, ನೋಡಿ ಹೇಳ್ತೀನಿ’ ಅನ್ನುವವರನ್ನು ನಾನು ನಂಬುತ್ತೇನೆ. ‘ಎಲ್ಲಾ ಕವರ್ ಆಗುತ್ತೆ ಮೇಡಂ, ಇವತ್ತೇ ಕಟ್ಟಿದ್ರೆ ಡಿಸ್ಕೌಂಟ್’ ಅಂದರೆ ಸುಮ್ನೆ ಫೋನ್ ಇಟ್ಟುಬಿಡಿ.

ಪಠ್ಯ ಹಳತಾಗಿದೆಯಾ ಅಂತಲೂ ನೋಡಿ. 1098 ಮಕ್ಕಳ ಸಹಾಯವಾಣಿಯನ್ನು ಸ್ವಯಂಸೇವಾ ಸಂಸ್ಥೆಗಳೇ ನಡೆಸುತ್ತವೆ ಅಂತ ಅದರಲ್ಲಿ ಇನ್ನೂ ಇದ್ದರೆ, ಅದು 2023ಕ್ಕೆ ಹಿಂದಿನ ಪಾಠ. ದತ್ತು ಆದೇಶವನ್ನು ಈಗ ಕೊಡುವುದು ಕೋರ್ಟ್ ಅಲ್ಲ, ಜಿಲ್ಲಾಧಿಕಾರಿ. 2024ರ ಜುಲೈ 1ರಿಂದ ಐಪಿಸಿ ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಇವು ಮೂರೂ ತಪ್ಪಿದ್ದರೆ ಉಳಿದದ್ದನ್ನು ಓದೋದೇ ಬೇಡ.

ಕಾನೂನನ್ನು ಆನ್‌ಲೈನ್‌ನಲ್ಲಿ ಆರಾಮಾಗಿ ಕಲಿಯಬಹುದು. ಕೇಂದ್ರ ಸರ್ಕಾರದ ‘ಸ್ವಯಂ’ ಜಾಲತಾಣದಲ್ಲಿ ಪಾಠ ಉಚಿತ, ಸರ್ಟಿಫಿಕೇಟ್ ಬೇಕಾದರಷ್ಟೇ ಪರೀಕ್ಷೆಗೆ ದುಡ್ಡು. ಕೌನ್ಸೆಲಿಂಗ್ ಹಾಗಲ್ಲ. ರೆಕಾರ್ಡ್ ಮಾಡಿದ ವಿಡಿಯೋ ಎಷ್ಟು ನೋಡಿದರೂ ಅಳುತ್ತಾ ಕೂತ ಮಗುವಿನ ಎದುರು ಮಾತು ಹೊರಡುವುದಿಲ್ಲ. ಪಾತ್ರ ಮಾಡಿಸಿ, ಪಕ್ಕದಲ್ಲಿ ಕೂತು ತಿದ್ದುವವರು ಬೇಕು. ನಿಮ್ಮ ಕಡೆ ಅರ್ಧ ಮಾತುಕತೆ ತೆಲುಗಿನಲ್ಲೇ ನಡೆಯುತ್ತದೆ, ಅಲ್ವಾ? ಅಭ್ಯಾಸವನ್ನೂ ತೆಲುಗು, ಕನ್ನಡದಲ್ಲಿ ಮಾಡಲು ಬಿಡುತ್ತಾರಾ ಕೇಳಿ. ನಿಮ್ಹಾನ್ಸ್‌ನ ಡಿಜಿಟಲ್ ಅಕಾಡೆಮಿಯಲ್ಲಿ ಸೋಶಿಯಲ್ ವರ್ಕರ್‌ಗಳಿಗೂ ತರಬೇತಿ ಇದೆ. ಅಲ್ಲಿ ನಿಮ್ಮ ಕೇಸನ್ನೇ ಮಂಡಿಸಿ ಚರ್ಚಿಸುವ ಕ್ರಮ ಇರುವುದರಿಂದ ನನಗೆ ಅದು ಇಷ್ಟ. ಆದರೆ ಇಂಥ ಚಿಕ್ಕ ಕೋರ್ಸ್ ಮುಗಿಸಿ ‘ಸೈಕಿಯಾಟ್ರಿಕ್ ಸೋಶಿಯಲ್ ವರ್ಕರ್’ ಅಂತ ಬೋರ್ಡ್ ಹಾಕಿಕೊಳ್ಳುವಂತಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆ ಅದಕ್ಕೆ ಎಂಎಸ್‌ಡಬ್ಲ್ಯೂ ಮೇಲೆ ಎರಡು ವರ್ಷದ ಎಂ.ಫಿಲ್. ಕೇಳುತ್ತದೆ.

ದುಡ್ಡಿನ ವಿಷಯ. ಕೈಯಿಂದ ಹಾಕುವ ಮುಂಚೆ ನಿಮ್ಮ ಪ್ರಾಜೆಕ್ಟ್ ಬಜೆಟ್‌ನಲ್ಲಿ ಸಿಬ್ಬಂದಿ ತರಬೇತಿಗೆ ಹಣ ಇಟ್ಟಿದ್ದಾರಾ ಅಂತ ಅಕೌಂಟೆಂಟ್ ಹತ್ತಿರ ವಿಚಾರಿಸಿ. ಇದ್ದರೆ ಮಾರ್ಚ್ ತನಕ ಕಾಯದೆ ಅರ್ಜಿ ಕೊಡಿ. ತರಬೇತಿಯ ದಿನಗಳನ್ನು ರಜೆ ಅಂತ ಬರೆಯಬೇಡಿ, ಡ್ಯೂಟಿ ಅಂತಲೇ ಬರೆಸಿ.