ಕಾಲೇಜಿನ ಕೌನ್ಸೆಲರ್ ಹತ್ತಿರ ಹೋದರೆ ಮನೆಗೆ ಹೇಳಿಬಿಡ್ತಾರಾ?

ಓದುಗರ ಪ್ರಶ್ನೆ: ಈ ವರ್ಷ ಬೆಂಗಳೂರಿನ ಒಂದು ಇಂಜಿನಿಯರಿಂಗ್ ಕಾಲೇಜಿಗೆ ಸೇರಿದ್ದೇನೆ. ಹತ್ತನೇ ಕ್ಲಾಸಿನವರೆಗೆ ಓದಿದ್ದು ಕನ್ನಡ ಮೀಡಿಯಂ. ಪಾಠ ತಲೆಗೆ ಹೋಗುತ್ತಿಲ್ಲ, ರಾತ್ರಿ ನಿದ್ದೆ ಇಲ್ಲ, ಪಿಜಿಯಲ್ಲಿ ಯಾರ ಜೊತೆಗೂ ಮಾತು ಬೇಡ ಅನಿಸುತ್ತೆ. ಕಾಲೇಜಿನಲ್ಲಿ ಕೌನ್ಸೆಲರ್ ಇದ್ದಾರಂತೆ. ಹೋದರೆ ಅಪ್ಪ ಅಮ್ಮನಿಗೆ ಫೋನ್ ಮಾಡ್ತಾರಾ? ಮುಂದೆ ಪ್ಲೇಸ್‌ಮೆಂಟ್‌ಗೆ ತೊಂದರೆ ಆಗುತ್ತಾ?

ಉತ್ತರ: ಸಾಮಾನ್ಯವಾಗಿ ಮನೆಗೆ ಹೇಳುವುದಿಲ್ಲ. ಪ್ಲೇಸ್‌ಮೆಂಟ್‌ಗೂ ಇದಕ್ಕೂ ಸಂಬಂಧವಿಲ್ಲ.

ಆದರೆ ಈ ಭಯ ಸುಮ್ನೆ ಹುಟ್ಟಿದ್ದಲ್ಲ. ನಿಮ್ಮ ಬಗ್ಗೆ ಮನೆಗೆ ಫೋನ್ ಮಾಡುವ ಒಬ್ಬರು ಕಾಲೇಜಿನಲ್ಲಿ ಇದ್ದೇ ಇರುತ್ತಾರೆ. ಅವರು ನಿಮ್ಮ ಪ್ರಾಕ್ಟರ್. ಕೆಲವು ಕಡೆ ಮೆಂಟರ್ ಅಂತಾರೆ. ಪಾಠ ಮಾಡುವ ಮೇಷ್ಟ್ರಿಗೇ ಒಂದಷ್ಟು ವಿದ್ಯಾರ್ಥಿಗಳನ್ನು ವಹಿಸಿರುತ್ತಾರೆ. ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಕಾಲೇಜುಗಳಲ್ಲಿ ಶೇಕಡಾ 85 ಅಟೆಂಡೆನ್ಸ್ ಬೇಕಲ್ವಾ? ಅದು ಕಡಿಮೆಯಾದರೆ, ಇಂಟರ್ನಲ್ಸ್‌ನಲ್ಲಿ (ಕಾಲೇಜೇ ನಡೆಸುವ ಟೆಸ್ಟುಗಳಲ್ಲಿ) ಮಾರ್ಕ್ಸ್ ಕಡಿಮೆ ಬಿದ್ದರೆ ಮನೆಗೆ ತಿಳಿಸುವುದು ಅವರ ಕೆಲಸ. ಅವರಿಗೆ ನೀವು 'ನಿದ್ದೆ ಬರ್ತಿಲ್ಲ ಸರ್' ಅಂದರೆ ಅದೂ ಅಪ್ಪನ ಕಿವಿಗೆ ಬೀಳಬಹುದು. ಒಳ್ಳೆ ಮನಸ್ಸಿಂದಲೇ ಹೇಳಿರುತ್ತಾರೆ, ಆ ಮಾತು ಬೇರೆ.

ಕೌನ್ಸೆಲರ್ ಹಾಗಲ್ಲ. ಅವರು ಮನಶ್ಶಾಸ್ತ್ರ ಓದಿ ತರಬೇತಿ ಪಡೆದವರು. ಅವರ ಕೈಯಲ್ಲಿ ನಿಮ್ಮ ಅಟೆಂಡೆನ್ಸೂ ಇಲ್ಲ, ಇಂಟರ್ನಲ್ಸೂ ಇಲ್ಲ. ಸೀನಿಯರ್‌ಗಳು 'ಹೇಳಿದ್ದೆಲ್ಲ ಮನೆಗೆ ಹೋಗುತ್ತೆ' ಅಂತ ಹೆದರಿಸುವಾಗ ಬಹಳ ಸಲ ಈ ಇಬ್ಬರನ್ನು ಒಬ್ಬರೇ ಮಾಡಿಕೊಂಡಿರುತ್ತಾರೆ.

ಈ ಗೊಂದಲಕ್ಕೆ ಕಾಲೇಜುಗಳೂ ಕಾರಣ. ಕೆಲವು ಕಡೆ 'ಕೌನ್ಸೆಲಿಂಗ್ ಸೆಲ್' ಅಂತ ಬೋರ್ಡ್ ಇರುತ್ತೆ, ಒಳಗೆ ಕೂತವರು ನಿಮಗೆ ಗಣಿತ ಹೇಳುವ ಮೇಡಂ. ಹೆಚ್ಚುವರಿ ಜವಾಬ್ದಾರಿ. ಮಾರ್ಕ್ಸ್ ಹಾಕುವವರ ಮುಂದೆ ಮನಸ್ಸು ಬಿಚ್ಚು ಅಂದರೆ ಯಾರು ಬಿಚ್ಚುತ್ತಾರೆ? ಇದನ್ನು ಕೌನ್ಸೆಲಿಂಗ್ ಅಂತ ಒಪ್ಪಲು ನನಗಂತೂ ಆಗುವುದಿಲ್ಲ. 2025ರ ಜುಲೈ 25ರಂದು ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿದೆ. ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಯಲ್ಲಿ ಅರ್ಹ ಕೌನ್ಸೆಲರ್, ಮನಶ್ಶಾಸ್ತ್ರಜ್ಞ ಅಥವಾ ಸಮಾಜ ಕಾರ್ಯಕರ್ತ, ಇವರಲ್ಲಿ ಒಬ್ಬರಾದರೂ ಇರಬೇಕು. ಸಹಾಯವಾಣಿ ನಂಬರ್‌ಗಳನ್ನು ಹಾಸ್ಟೆಲ್, ಕ್ಲಾಸ್‌ರೂಮುಗಳಲ್ಲಿ ಎದ್ದು ಕಾಣುವಂತೆ ಹಾಕಬೇಕು. ಹಾಗಾಗಿ 'ನಮ್ಮ ಕೌನ್ಸೆಲರ್ ಯಾರು, ಏನು ಓದಿದ್ದಾರೆ?' ಅಂತ ಆಫೀಸಿನಲ್ಲಿ ಕೇಳಲು ಹಿಂಜರಿಯಬೇಡಿ.

ಇನ್ನು ಗುಟ್ಟಿನ ವಿಷಯ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ಮಾನಸಿಕ ಕಾಯಿಲೆಗೆ ಚಿಕಿತ್ಸೆ ಕೊಡುವವರು ವಿವರವನ್ನು ಗೋಪ್ಯವಾಗಿ ಇಡಲೇಬೇಕು. ಕಾಲೇಜಿನ ಕೌನ್ಸೆಲರ್‌ಗಳಲ್ಲಿ ಕೆಲವರು ಈ ಕಾಯ್ದೆ ಹೇಳುವ ವೃತ್ತಿಪರರ ಪಟ್ಟಿಯಲ್ಲಿ ಬರುವುದಿಲ್ಲ. ಆದರೂ ಗುಟ್ಟು ಕಾಯುವುದು ಅವರ ವೃತ್ತಿಯ ಮೊದಲ ನಿಯಮ. ಇದಕ್ಕೆ ವಿನಾಯಿತಿಯೂ ಇದೆ. ನಿಮ್ಮ ಜೀವಕ್ಕೆ ಅಪಾಯ ಅನಿಸಿದರೆ, ಇನ್ನೊಬ್ಬರಿಗೆ ಹಾನಿಯಾಗಬಹುದು ಅನಿಸಿದರೆ, ಅಥವಾ ಕೋರ್ಟ್ ಕೇಳಿದರೆ ಅವರು ಹೇಳಬೇಕಾಗುತ್ತದೆ. ಆಗಲೂ ಎಷ್ಟು ಬೇಕೋ ಅಷ್ಟೇ.

ವಯಸ್ಸಿನದೂ ಒಂದು ಲೆಕ್ಕ ಇದೆ. ಪಿಯುಸಿ ಮುಗಿಸಿ ಬರುವ ಎಷ್ಟೋ ಜನರಿಗೆ ಇನ್ನೂ 17. ಹದಿನೆಂಟು ತುಂಬದವರ ಚಿಕಿತ್ಸೆ ವಿಷಯದಲ್ಲಿ ಅಪ್ಪ ಅಮ್ಮನ ಪಾತ್ರ ಜಾಸ್ತಿ. ಆದ್ದರಿಂದ ಮೊದಲ ದಿನ ಫಾರಂ ತುಂಬುವ ಮುಂಚೆಯೇ ನೇರವಾಗಿ ಕೇಳಿ: 'ನಾನು ಹೇಳಿದ್ದು ಯಾರಿಗೆ ಗೊತ್ತಾಗುತ್ತೆ? ಫೈಲ್ ಯಾರು ನೋಡ್ತಾರೆ? ಯಾವಾಗ ಮನೆಗೆ ಹೇಳ್ತೀರಿ?' ಒಳ್ಳೆ ಕೌನ್ಸೆಲರ್ ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ. ಎಷ್ಟೋ ಸಲ ನೀವು ಕೇಳುವ ಮೊದಲೇ ಹೇಳುತ್ತಾರೆ. ಉತ್ತರ ತಡವರಿಸಿದರೆ ಅವತ್ತು ಜಾಸ್ತಿ ಹೇಳದೆ ಎದ್ದು ಬನ್ನಿ.

ಪ್ಲೇಸ್‌ಮೆಂಟ್‌ಗೆ ಬರುವ ಕಂಪನಿಗಳು ಮಾರ್ಕ್ಸ್ ನೋಡುತ್ತವೆ, ಬ್ಯಾಕ್ (ಪಾಸಾಗದೆ ಉಳಿದ ವಿಷಯ) ಎಷ್ಟಿದೆ ಅಂತ ನೋಡುತ್ತವೆ. ಕೌನ್ಸೆಲಿಂಗ್‌ಗೆ ಹೋದದ್ದನ್ನು ಬರೆಯಲು ಮಾರ್ಕ್ಸ್ ಕಾರ್ಡಿನಲ್ಲಿ ಜಾಗವೇ ಇಲ್ಲ.

ನಿಮಗೆ ಇನ್ನೊಂದು ತೊಡಕು ಬರಬಹುದು. ಬೆಂಗಳೂರಿನ ಕಾಲೇಜಾದರೂ ಕೌನ್ಸೆಲರ್‌ಗೆ ಕನ್ನಡ ಬರಲೇಬೇಕು ಅಂತೇನಿಲ್ಲ. ಕ್ಲಾಸಿನಲ್ಲಿ ಇಂಗ್ಲಿಷ್ ಜೊತೆ ಗುದ್ದಾಡಿ ಸುಸ್ತಾದವರು ತಮ್ಮ ಕಷ್ಟವನ್ನೂ ಇಂಗ್ಲಿಷಿನಲ್ಲೇ ಹೇಳಬೇಕು ಅಂದರೆ ಅರ್ಧ ಮಾತು ಒಳಗೇ ಉಳಿಯುತ್ತದೆ. ಹಾಗಾದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡಿ. ನಂಬರ್ 14416. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಶುರು ಮಾಡಿದ ಸೇವೆ ಇದು. ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ದಿನದ 24 ಗಂಟೆಯೂ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಸಾಯಬೇಕು ಅನ್ನುವ ಯೋಚನೆ ಬರುತ್ತಿದ್ದರೆ ಕೌನ್ಸೆಲರ್ ಅಪಾಯಿಂಟ್‌ಮೆಂಟ್‌ಗೆ ಕಾಯಬೇಡಿ. ಈಗಲೇ ಈ ನಂಬರ್ ಒತ್ತಿ. ರೂಂಮೇಟ್ ಎಷ್ಟೇ ಹೊಸಬರಾಗಿರಲಿ, ಅವರಿಗೆ ಹೇಳಿ, ಒಬ್ಬರೇ ಇರಬೇಡಿ.

ತೊಂದರೆಯ ಮೂಲ ರ‍್ಯಾಗಿಂಗ್ ಆಗಿದ್ದರೆ ದಾರಿ ಬೇರೆ. ಅಲ್ಲಿ ಗುಟ್ಟಿಗಿಂತ ದಾಖಲೆ ಮುಖ್ಯ. ಅದಕ್ಕೆ ಯುಜಿಸಿಯ ಸಹಾಯವಾಣಿ 1800-180-5522 ಇದೆ.

ಕಾಲೇಜಿನೊಳಗೆ ಹೋಗಲು ಮುಜುಗರ ಅಂದರೆ ಬಿಟಿಎಂ ಲೇಔಟ್‌ನಲ್ಲಿ ನಿಮ್ಹಾನ್ಸ್‌ನ ವೆಲ್‌ಬೀಯಿಂಗ್ ಸೆಂಟರ್ ಇದೆ. ಅದು ವಾರ್ಡು, ಹಾಸಿಗೆ ಇರುವ ಆಸ್ಪತ್ರೆಯಲ್ಲ. ಊರಿಗೆ ಹೋದಾಗ ತೋರಿಸೋಣ ಅನಿಸಿದರೆ, ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ಏರ್ಪಾಡು ಇದೆ. ಮೊದಲು ಆಸ್ಪತ್ರೆಗೆ ಫೋನ್ ಮಾಡಿ, ಈ ವಾರ ಬರ್ತಾರಾ ಅಂತ ಕೇಳಿಕೊಂಡು ಹೋಗಿ. ಅಲ್ಲಿ ಪಕ್ಕದ ಮನೆಯವರು ಸಿಕ್ಕರೆ ಮಾತ್ರ ನಾನೇನೂ ಮಾಡಲಾಗದು!