ಪಾತ್ರ ಉಂಡ ಮೇಲೆ ತೇಗಬೇಕಲ್ವಾ?

ಹೊಸಬರ ಕಥೆ, ಕಾದಂಬರಿಗಳ ಹಸ್ತಪ್ರತಿ ತಿದ್ದುವುದು ನನ್ನ ಕೆಲಸ. ಮೈಸೂರಿನಲ್ಲಿ ಕೂತಿರುವುದರಿಂದ ಮಂಡ್ಯ ಸೀಮೆಯ ಕಥೆಗಳು ನನ್ನ ಮೇಜಿಗೆ ಜಾಸ್ತಿ ಬರುತ್ತವೆ. ಅವುಗಳಲ್ಲಿ ಊಟ ಇಲ್ಲದ ಕಥೆ ಅಪರೂಪ. ಮುದ್ದೆ, ಬಸ್ಸಾರು, ಬಾಡೂಟ, ಹಬ್ಬದ ಒಬ್ಬಟ್ಟು ಎಲ್ಲ ಇರುತ್ತದೆ. ಒಗ್ಗರಣೆಯ ಘಮ ಅರ್ಧ ಪುಟ ಇರುತ್ತದೆ. ಉಂಡವರು ಮಾತ್ರ ತೇಗುವುದಿಲ್ಲ. ಕೈ ತೊಳೆದು ನೇರ ಮುಂದಿನ ಮಾತಿಗೆ ಹೋಗಿಬಿಡುತ್ತಾರೆ. ಸೀನು, ಆಕಳಿಕೆ, ಗೊರಕೆ, ಹೊಟ್ಟೆ ಗುರುಗುಟ್ಟುವುದು ಇವೂ ಹಾಗೇ. ಕೆಮ್ಮು ಬರುತ್ತದೆ, ಆದರೆ ಕಾಯಿಲೆ ಬರಲಿದೆ ಅಂತ ಹೇಳೋಕೆ ಮಾತ್ರ.

ಅಪರೂಪಕ್ಕೆ ಯಾರಾದರೂ ತೇಗಿದರೆ ಅದು ಹೀಗಿರುತ್ತದೆ: ‘"ಬರ್ಪ್!" ಎಂದರು ಬೋರೇಗೌಡರು.’ ಇದು ಇಂಗ್ಲಿಷ್ ಕಾಮಿಕ್ಸ್‌ನಿಂದ ಎದ್ದು ಬಂದ ಸದ್ದು. ಮದ್ದೂರಿನ ಪಕ್ಕದ ಹಳ್ಳಿಯಲ್ಲಿ ಮುದ್ದೆ ಉಂಡ ಗೌಡರ ಹೊಟ್ಟೆಯಿಂದ ಆ ಸದ್ದು ಬರುವುದಿಲ್ಲ. ಅವರು ಡರ್ರನೆ ತೇಗುತ್ತಾರೆ. ಓದುವವರ ಕಿವಿಯಲ್ಲಿ ಆ ಸದ್ದು ಮೊದಲೇ ಕೂತಿದೆ. ನೀವು ಅದನ್ನು ಎಬ್ಬಿಸಿದರೆ ಸಾಕು.

ಎಬ್ಬಿಸುವ ದಾರಿ ಕನ್ನಡದಲ್ಲಿ ಬೇಕಾದಷ್ಟಿದೆ. ಶಾಲೆಯ ವ್ಯಾಕರಣದಲ್ಲಿ ಅನುಕರಣಾವ್ಯಯ ಅಂತ ಒಂದು ಪಾಠ ಇತ್ತಲ್ವಾ? ಚಟಚಟ, ದಬದಬ, ರೊಯ್ಯನೆ, ಸುಯ್ಯನೆ ಅಂತ ಬಾಯಿಪಾಠ ಮಾಡಿ ಪರೀಕ್ಷೆ ಮುಗಿದ ಮೇಲೆ ಬಿಟ್ಟೆವು. 13ನೇ ಶತಮಾನದ ಕೇಶಿರಾಜನೂ ಅನುಕರಣ ಪದಗಳಿಗೆ ತನ್ನ ವ್ಯಾಕರಣದಲ್ಲಿ ಜಾಗ ಕೊಟ್ಟಿದ್ದಾನೆ. ಕಥೆ ಬರೆಯುವವರು ಆ ಪಾಠವನ್ನು ಮತ್ತೆ ತೆಗೆದು ನೋಡಬೇಕು ಅಂತ ನನ್ನ ಆಸೆ.

ನೋಡಿ, ಒಂದೇ ಸಲ ತಟ್ಟನೆ ಆಗುವ ಸದ್ದಿಗೆ ‘ಅನೆ’ ಬರುತ್ತದೆ. ಡರ್ರನೆ ತೇಗಿದ, ಉಸ್ಸನೆ ಕೂತ, ಪಿಚಕ್ಕನೆ ಉಗಿದ. ಬಿಡದೆ ನಡೆಯುವ ಸದ್ದಿಗೆ ಪದ ಜೋಡಿಯಾಗುತ್ತದೆ. ಗಟಗಟ ಕುಡಿದ, ಸೊರಸೊರ ಸಾರು ಹೀರಿದ, ಗೊರಗೊರ ಗೊರಕೆ ಹೊಡೆದ, ಮುಸುಮುಸು ಅತ್ತಳು. ಸದ್ದೇ ಕ್ರಿಯಾಪದವಾಗಬೇಕಾದರೆ ‘ಗುಟ್ಟು’ ಇದೆ: ಹೊಟ್ಟೆ ಗುರುಗುಟ್ಟಿತು, ಅಜ್ಜಿ ಲೊಚಗುಟ್ಟಿದಳು. ಈ ಮೂರೂ ವಾಕ್ಯದ ಒಳಗೇ ಕೂರುತ್ತವೆ. ಓದು ನಿಲ್ಲುವುದಿಲ್ಲ. ಅದೇ ಸದ್ದನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ, ಮುಂದೆ ಆಶ್ಚರ್ಯಸೂಚಕ ಇಟ್ಟರೆ ಅದು ಮಾತಾಗಿಬಿಡುತ್ತದೆ. ಪಾತ್ರ ಬೇಕಂತಲೇ ಆ ಅಕ್ಷರಗಳನ್ನು ಉಚ್ಚರಿಸಿದ ಹಾಗೆ ಕಾಣುತ್ತದೆ. ದೇಹದ ಸದ್ದು ಬೇಕಂತ ಮಾಡುವುದಲ್ಲ, ಬರುವುದು. ಆ ವ್ಯತ್ಯಾಸ ವಾಕ್ಯದಲ್ಲಿ ಉಳಿಯಬೇಕು.

ಇನ್ನೂ ಒಂದು ಸೂಕ್ಷ್ಮ ಇದೆ. ನಮ್ಮ ಹಳ್ಳಿ ಮಾತಿನಲ್ಲಿ ಮಹಾಪ್ರಾಣ ಕಡಿಮೆ. ಆದರೆ ಸದ್ದನ್ನು ಅನುಕರಿಸುವಾಗ ಅದೇ ಜನ ಧಡಾರನೆ, ಭುಸ್ಸನೆ, ಖೊಕ್ ಖೊಕ್ ಅಂತ ಉಸಿರು ತುಂಬಿ ಹೇಳುತ್ತಾರೆ. ಹಾಗಾಗಿ ಡರ್ರನೆ ತೇಗಿದ್ದಕ್ಕೂ ಢರ್ರನೆ ತೇಗಿದ್ದಕ್ಕೂ ತೂಕ ಬೇರೆ. ಸ್ವರವೂ ಕೆಲಸ ಮಾಡುತ್ತದೆ. ಕಿಸಕ್ಕನೆ ನಕ್ಕಿದ್ದು ತೆಳು, ಗೊಳ್ಳನೆ ನಕ್ಕಿದ್ದು ದಪ್ಪ. ಅಕ್ಷರ ಆರಿಸುವಾಗ ಒಮ್ಮೆ ಜೋರಾಗಿ ಹೇಳಿ ನೋಡಿ. ಬಾಯಿ ಒಪ್ಪಿದರೆ ಓದುಗರೂ ಒಪ್ಪುತ್ತಾರೆ.

ಇಷ್ಟೆಲ್ಲ ಅಕ್ಷರದ ಮಾತಾಯಿತು. ತೇಗಿನ ನಿಜವಾದ ಕೆಲಸ ಅಕ್ಷರದಲ್ಲಿಲ್ಲ, ಅದನ್ನು ಕೇಳಿಸಿಕೊಂಡವರಲ್ಲಿದೆ. ಹಸ್ತಪ್ರತಿ ತಿದ್ದುವಾಗ ನಾನು ಎಲ್ಲಕ್ಕಿಂತ ಜಾಸ್ತಿ ಹೊತ್ತು ಕೊಡುವುದು ಇಲ್ಲಿಗೆ. ಒಂದು ಮಾದರಿ ನೋಡಿ:

‘ಊಟ ಮುಗಿಸಿದ ಬೋರೇಗೌಡರು ಜೋರಾಗಿ ಡರ್ ಎಂದು ಸದ್ದು ಮಾಡುತ್ತಾ ತೇಗಿದರು. ಎಲ್ಲರೂ ನಕ್ಕರು.’

ತಪ್ಪೇನಿಲ್ಲ. ಆದರೆ ತೇಗು ಇಲ್ಲಿ ಸುಮ್ನೆ ಬಂದು ಹೋಯಿತು. ಈಗ ಆ ಮನೆಗೆ ಬಂದ ಸೊಸೆ ಮೊದಲ ಸಲ ಒಲೆ ಮುಂದೆ ಕೂತ ದಿನ ಅಂದುಕೊಳ್ಳಿ.

‘"ಇನ್ನರ್ಧ ಮುದ್ದೆ ಇಕ್ಲಾ ಮಾವ?" ಗೌಡರು ತಟ್ಟೆಗೆ ಅಂಗೈ ಅಡ್ಡ ಹಿಡಿದರು. ಬೆನ್ನು ಗೋಡೆಗೆ ಆನಿಸಿ ಡರ್ರನೆ ತೇಗಿದರು. ಬಾಗಿಲ ಸಂದಿಯಲ್ಲಿ ನಿಂತಿದ್ದ ಅತ್ತೆ ಸೊಸೆಯ ಕಡೆ ತಿರುಗಿ, "ಸಾರು ಸರ್ಯಾಗೈತೆ ಬುಡು" ಅಂದಳು.’

ಗೌಡರು ಬಾಯಿ ಬಿಟ್ಟು ಹೊಗಳಲಿಲ್ಲ. ಅವರ ಕಾಲದ ಗಂಡಸರು ಹೊಗಳುವುದೂ ಇಲ್ಲ. ತೇಗೇ ತೀರ್ಪು. ಅತ್ತೆಗೆ ಅದು ಓದಲು ಬರುತ್ತದೆ, ಸೊಸೆಗೆ ಇನ್ನೂ ಬರುವುದಿಲ್ಲ. ಒಂದು ಸದ್ದಿನಲ್ಲಿ ಮೂರು ಜನರ ಸಂಬಂಧ ಕಾಣಿಸಿತು. ಇದೇ ಗೌಡರನ್ನು ಮೈಸೂರಿನ ಕುವೆಂಪುನಗರದ ಬೀಗರ ಮನೆಯ ಡೈನಿಂಗ್ ಟೇಬಲ್ಲಿಗೆ ಕರೆದುಕೊಂಡು ಹೋಗಿ. ಅದೇ ಡರ್ರನೆ, ಅದೇ ತೃಪ್ತಿ. ಬೀಗಿತ್ತಿ ನೀರಿನ ಜಗ್ಗು ಎತ್ತಿಕೊಂಡು ಅಡುಗೆಮನೆಗೆ ಹೋಗುತ್ತಾರೆ. ಮಗ ತಲೆ ಬಗ್ಗಿಸಿ ಅನ್ನ ಕಲಸುತ್ತಾನೆ. ಸದ್ದನ್ನು ಒಂದಕ್ಷರ ಬದಲಿಸಬೇಕಾಗಿಲ್ಲ. ‘ಎಲ್ಲರಿಗೂ ಮುಜುಗರವಾಯಿತು’ ಅಂತ ಬರೆಯುವುದೂ ಬೇಡ.

ತೇಗು ಬರೀ ನಗಿಸುವುದಕ್ಕೆ ಅನ್ನುವ ನಂಬಿಕೆಯನ್ನು ನಾನು ಒಪ್ಪುವುದಿಲ್ಲ. ಮಕ್ಕಳಿಗೆ ಇದ್ದದ್ದನ್ನೆಲ್ಲ ಬಡಿಸಿ, ತಾನು ಚೆಂಬು ನೀರು ಗಟಗಟ ಕುಡಿದು, ಮಕ್ಕಳಿಗೆ ಕೇಳಲಿ ಅಂತಲೇ ತೇಗುವ ಅಪ್ಪನನ್ನು ಬರೆದು ನೋಡಿ. ಇದು ದೇಹಕ್ಕೂ ಹೊಂದುತ್ತದೆ. ತೇಗಿಗೆ ಊಟವೇ ಬೇಕು ಅಂತೇನಿಲ್ಲ, ಹೊಟ್ಟೆಗೆ ಹೋದ ಗಾಳಿ ಸಾಕು. ನೀರನ್ನು ಗಬಗಬ ಕುಡಿದರೂ ಗಾಳಿ ಒಳಗೆ ಹೋಗುತ್ತದೆ. ಆ ಅಪ್ಪನ ತೇಗಿನಲ್ಲಿ ಸುಳ್ಳಿದೆ, ಪ್ರೀತಿ ಇದೆ. ದೊಡ್ಡ ಮಗಳಿಗೆ ಗೊತ್ತಾಗುತ್ತದೆ, ಚಿಕ್ಕವನಿಗೆ ಗೊತ್ತಾಗುವುದಿಲ್ಲ. ಬೇಕಂತ ಮಾಡಿದ ದೇಹದ ಸದ್ದು ಕಥೆಯಲ್ಲಿ ಇಷ್ಟು ಕೆಲಸ ಮಾಡಬಲ್ಲದು.

ದೇಹದೊಳಗೆ ಏನಾಗುತ್ತದೆ ಅಂತ ಸ್ವಲ್ಪ ತಿಳಿದಿದ್ದರೆ ಬರೆಯುವುದು ಸುಲಭ. ತೇಗುವಾಗ ಹೊಟ್ಟೆಯ ಗಾಳಿ ಅನ್ನನಾಳದಲ್ಲಿ ಮೇಲೆ ಬಂದು, ಅದರ ಮೇಲಿನ ತುದಿಯ ಬಿಗಿಯಾದ ಸ್ನಾಯುವನ್ನು ನಡುಗಿಸುತ್ತದೆ. ಸದ್ದು ಹುಟ್ಟುವುದು ಗಂಟಲ ತಳದಲ್ಲಿ. ಅದಕ್ಕೇ ನಮ್ಮ ‘ಡರ್’ ಅಷ್ಟು ಚೆನ್ನಾಗಿ ಕೂರುತ್ತದೆ. ಬಾಯಿ ಮುಚ್ಚಿದರೂ ತೇಗು ಪೂರ್ತಿ ಸಾಯುವುದಿಲ್ಲ. ಕೆನ್ನೆ ಉಬ್ಬುತ್ತದೆ, ಗಾಳಿ ಮೂಗಿಗೆ ಬರುತ್ತದೆ. ಗೋಲಿ ಸೋಡಾ ಕುಡಿದವರ ತೇಗು ಮೂಗಿಗೆ ಏರಿ ಕಣ್ಣಲ್ಲಿ ನೀರು ತರಿಸುತ್ತದೆ. ಹುಳಿತೇಗಾದರೆ ಸದ್ದಿಗಿಂತ ರುಚಿ ಮುಂದೆ. ಅದು ಪಕ್ಕದವರಿಗೆ ಕೇಳುವುದಕ್ಕಿಂತ ಪಾತ್ರಕ್ಕೇ ಗೊತ್ತಾಗುವುದು ಜಾಸ್ತಿ. ರಾತ್ರಿ ನಿದ್ದೆ ಬಾರದ ಸಾಲಗಾರನಿಗೆ ಹುಳಿತೇಗು ಕೊಡಿ, ಡರ್ರನೆ ಬೇಡ.

‘ತಿಂದು ತೇಗಿದರು’ ಅನ್ನುವ ಮಾತು ನಮ್ಮಲ್ಲಿ ಊರ ದುಡ್ಡು ನುಂಗಿದವರಿಗೆ ಮೀಸಲು. ನಿಮ್ಮ ಕಥೆಯ ಕಂಟ್ರಾಕ್ಟರ್ ಊಟ ಮಾಡಿ ತೇಗಿದರೆ ಓದುಗರಿಗೆ ಈ ಮಾತು ತಾನಾಗೇ ನೆನಪಾಗುತ್ತದೆ. ನೀವು ಬಿಡಿಸಿ ಹೇಳಿದರೆ ಕೆಡುತ್ತದೆ.

ಬಿಕ್ಕಳಿಕೆ ಬೇರೆ ತರಹದ್ದು. ತೇಗಿನಲ್ಲಿ ಗಾಳಿ ಹೊರಗೆ ಬಂದರೆ ಇದರಲ್ಲಿ ಒಳಗೆ ಹೋಗುತ್ತದೆ. ಎದೆಗೂ ಹೊಟ್ಟೆಗೂ ನಡುವಿನ ಸ್ನಾಯು, ಅಂದರೆ ವಪೆ, ತಟ್ಟನೆ ಕುಗ್ಗಿ ಉಸಿರು ಒಳಕ್ಕೆ ಎಳೆಯುತ್ತದೆ, ಅಷ್ಟರಲ್ಲಿ ಧ್ವನಿಪೆಟ್ಟಿಗೆಯ ಬಾಯಿ ಮುಚ್ಚಿಕೊಳ್ಳುತ್ತದೆ. ಅದರಿಂದ ಆ ‘ಕ್’. ನನಗೆ ಬರುವ ಕಥೆಗಳಲ್ಲಿ ಕುಡುಕ ಮಾತ್ರ ಬಿಕ್ಕಳಿಸುತ್ತಾನೆ: ‘ನಾನು... ಹಿಕ್... ಮನೆಗೆ... ಹಿಕ್... ಹೋಗ್ತೀನಿ.’ ಪದ ಪದದ ನಡುವೆ ಅಳೆದು ಇಟ್ಟ ಹಾಗೆ. ನಿಜವಾದ ಬಿಕ್ಕಳಿಕೆ ಪದ ಮುಗಿಯಲಿ ಅಂತ ಕಾಯುವುದಿಲ್ಲ, ಮನೆಯ ‘ಮ’ ಆದ ಮೇಲೆ ಕತ್ತರಿಸಬಹುದು. ಅದನ್ನು ಒಂದು ಸಲ ಹಾಗೆ ಬರೆದು ಬಿಡಿ. ಆಮೇಲೆ ಕಾಯುವುದನ್ನು ಬರೆಯಿರಿ. ಬಿಕ್ಕಳಿಸುವವನು ಮುಂದಿನದಕ್ಕೆ ಕಾಯುತ್ತಾನೆ, ಎದುರಿಗೆ ಕೂತವರೂ ಕಾಯುತ್ತಾರೆ. ನಮ್ಮ ಕಡೆ ಆಗ ಯಾರಾದರೂ ‘ಯಾರೋ ನೆನೆಸ್ಕೊತಾವ್ರೆ’ ಅಂದೇ ಅನ್ನುತ್ತಾರೆ. ಊರು ಬಿಟ್ಟು ಹೋದ ಮಗನ ಹೆಸರನ್ನು ಆ ಮನೆಯಲ್ಲಿ ಯಾರೂ ಎತ್ತದೆ ವರ್ಷಗಳಾಗಿದ್ದರೆ, ತಾಯಿಗೆ ಬಂದ ಒಂದು ಬಿಕ್ಕಳಿಕೆ ಸಾಕು, ಆ ಹೆಸರು ಎಲ್ಲರ ಬಾಯಿ ತುದಿಗೆ ಬರುತ್ತದೆ.

ಎಷ್ಟು ಸಲ ಬರೆಯಬೇಕು ಅಂತ ತುಂಬಾ ಜನ ಕೇಳುತ್ತಾರೆ. ಅಮೆರಿಕದ ಅಯೋವಾದಲ್ಲಿ ಚಾರ್ಲ್ಸ್ ಆಸ್ಬೋರ್ನ್ ಅಂತ ಒಬ್ಬರಿದ್ದರು. 1922ರಲ್ಲಿ ಶುರುವಾದ ಅವರ ಬಿಕ್ಕಳಿಕೆ ನಿಂತಿದ್ದು 1990ರಲ್ಲಿ. 68 ವರ್ಷ. ಆ ನಡುವೆ ಅವರು ದುಡಿದರು, ಮದುವೆಯಾದರು, ಮಕ್ಕಳನ್ನು ಬೆಳೆಸಿದರು. ಅಂಥವರ ಬದುಕನ್ನು ಕಥೆ ಮಾಡಿದರೆ ಪ್ರತಿ ಬಿಕ್ಕಳಿಕೆಯನ್ನೂ ಅಚ್ಚು ಹಾಕುತ್ತೀರಾ? ಮೊದಲ ಪುಟದಲ್ಲಿ ಕೇಳಿಸಿ. ಆಮೇಲೆ ಹೆಂಡತಿ ಆ ಸದ್ದಿನ ನಡುವೆಯೇ ಮಾತಾಡಲು ಕಲಿತದ್ದನ್ನು ತೋರಿಸಿ. ಓದುಗರಿಗೆ ಕೇಳುತ್ತಲೇ ಇರುತ್ತದೆ. ಯಾವ ಸದ್ದಿಗಾದರೂ ಇದೇ ಲೆಕ್ಕ.

ಗೊರಕೆಯಲ್ಲಿ ಎಡವುವುದು ಬೇರೆ ಕಡೆ. ‘ನಾನು ಗೊರಗೊರ ಗೊರಕೆ ಹೊಡೆಯುತ್ತಾ ಮಲಗಿದ್ದೆ’ ಅಂತ ಉತ್ತಮ ಪುರುಷದಲ್ಲಿ ಬರೆದ ಕಥೆಗಳು ಬರುತ್ತವೆ. ಮಲಗಿದವನಿಗೆ ತನ್ನ ಗೊರಕೆ ಹೇಗೆ ಕೇಳಿಸಿತು? ಗೊರಕೆ ಯಾವತ್ತೂ ಎಚ್ಚರ ಇರುವವರ ಸದ್ದು. ಅದನ್ನು ಪಕ್ಕದಲ್ಲಿ ಮಲಗಿ ಸೂರು ನೋಡುತ್ತಿರುವವರ ಕಡೆಯಿಂದ ಬರೆಯಿರಿ. ಗೊರಕೆ ನಿಂತಾಗ ಅವರ ಎದೆ ಯಾಕೆ ಝಲ್ಲೆನ್ನುತ್ತದೆ ಅನ್ನುವುದು, ವಯಸ್ಸಾದ ಗಂಡ ಹೆಂಡಿರ ಕಥೆ ಬರೆಯುವವರಿಗೆ ದೊಡ್ಡ ಆಸ್ತಿ.

ಕೆಮ್ಮನ್ನು ಕಾಯಿಲೆಯಿಂದ ಬಿಡಿಸಿ. ಹಟ್ಟಿಯೊಳಗೆ ಬರುವ ಮೊದಲು ಮಾವ ಜಗಲಿಯಲ್ಲೇ ಒಮ್ಮೆ ಕೆಮ್ಮುತ್ತಾನೆ, ಒಳಗಿರುವ ಹೆಂಗಸರು ಸೆರಗು ಸರಿಮಾಡಿಕೊಳ್ಳಲಿ ಅಂತ. ಅದು ಬಾಗಿಲು ತಟ್ಟಿದ್ದಕ್ಕೆ ಸಮ. ಸೀನಿಗೆ ಶಕುನ ಅಂಟಿಕೊಂಡಿದೆ. ಹೊರಡುವ ಹೊತ್ತಿಗೆ ಒಂಟಿ ಸೀನು ಕೇಳಿಸಿದರೆ ಒಳಗೆ ಬಂದು ಒಂದು ಗಳಿಗೆ ಕೂತು, ನೀರು ಕುಡಿದು ಹೋಗುವವರು ಇನ್ನೂ ಇದ್ದಾರೆ. ಅಜ್ಜಿ ಆಕಳಿಸಿದರೆ ಬಾಯಿ ಮುಂದೆ ಚಿಟಿಕೆ ಹಾಕುತ್ತಾಳೆ, ದೇವರ ಹೆಸರು ಹೇಳುತ್ತಾಳೆ. ಇಲ್ಲೆಲ್ಲ ಸದ್ದಿನ ಜೊತೆ ಬರುವ ಕೈ ಬಾಯಿಯ ಅಭ್ಯಾಸವನ್ನು ಬರೆದರೆ ಸದ್ದು ತಾನಾಗೇ ಕೇಳುತ್ತದೆ.

ಹೂಸಿನ ಬಗ್ಗೆ ಬರೆಯಲು ನಾಚುವವರಿದ್ದಾರೆ. ಹಳ್ಳಿಯ ಅಜ್ಜಿ ಮೊಮ್ಮಕ್ಕಳ ಮಾತಿನಲ್ಲಿ ಅದು ಹೂಸು ಅಂತಲೇ ಇರಲಿ. ಅವಳ ಬಾಯಲ್ಲಿ ‘ಅಪಾನವಾಯು’ ಹಾಕಿಸಿದರೆ ಅಜ್ಜಿ ಕಥೆಯಿಂದ ಎದ್ದು ಹೋಗುತ್ತಾಳೆ.

ಇಷ್ಟು ಕಷ್ಟ ಯಾಕೆ ಅಂದರೆ, ರಂಗಾಯಣದ ನಟನಿಗೆ ಗಂಟಲಿದೆ. 1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನಲ್ಲಿ ಶುರು ಮಾಡಿದ ಆಕಾಶವಾಣಿಗೆ ಮೈಕಿದೆ. ಬಾನುಲಿ ನಾಟಕ ಬರೆಯುವವರು ಕಂಸದೊಳಗೆ ‘ತೇಗುತ್ತಾನೆ’ ಅಂತ ಬರೆದರೆ ಉಳಿದದ್ದನ್ನು ನಟ ನೋಡಿಕೊಳ್ಳುತ್ತಾನೆ. ಕಥೆಯಲ್ಲಿ ಆ ನಟನ ಕೆಲಸವೂ ನಿಮ್ಮದೇ.

ಕೊನೆಗೆ ಅಚ್ಚಿನ ವಿಚಾರ. ಸದ್ದು ಉದ್ದ ಆಗಲಿ ಅಂತ ‘ರ್’ ಅನ್ನು ಸಾಲಾಗಿ ಒತ್ತುವವರಿದ್ದಾರೆ. ಇಂಗ್ಲಿಷಿನಲ್ಲಾದರೆ ಅಕ್ಷರಗಳು ಪಕ್ಕಪಕ್ಕ ನಿಲ್ಲುತ್ತವೆ. ಕನ್ನಡದಲ್ಲಿ ಅವು ಒಂದಕ್ಕೊಂದು ಒತ್ತಕ್ಷರವಾಗಿ ಕೆಳಗಿಳಿಯುತ್ತವೆ, ಇಲ್ಲವೇ ಅರ್ಕಾವೊತ್ತಾಗಿ ಪಕ್ಕಕ್ಕೆ ಹೋಗುತ್ತವೆ. ಹಳೆಯ ಫಾಂಟಿನಿಂದ ಯೂನಿಕೋಡಿಗೆ ಬದಲಿಸುವಾಗ ಕಲಸಿಹೋಗುವುದೂ ಉಂಟು. ಪುಟ ಕಟ್ಟುವವರು ನಿಮ್ಮ ತೇಗನ್ನು ಬಿಡಿಸಲಾಗದೆ ಫೋನ್ ಮಾಡುತ್ತಾರೆ. ಆಡಿಯೊ ಪುಸ್ತಕಕ್ಕೆ ಓದುವವರು ಅಲ್ಲಿಗೆ ಬಂದು ನಿಲ್ಲುತ್ತಾರೆ. ಉದ್ದ ಬೇಕಾದರೆ ‘ಡರ್ರನೆ ಎಳೆದು ತೇಗಿದ’ ಅಂತ ಬರೆಯಿರಿ. ತೀರಾ ಬೇಕೇ ಬೇಕು ಅನ್ನಿಸಿದರೆ ‘ಡರ್’ ಬರೆದು ಗೆರೆ ಎಳೆಯಿರಿ. ಹಸ್ತಪ್ರತಿ ಕಳಿಸುವಾಗ ಅಂಥ ಜಾಗಗಳಿಗೆ ಗುರುತು ಹಾಕಿ, ಪಿಡಿಎಫ್ ಕೂಡ ಜೊತೆಗಿಡಿ. ಅಚ್ಚಿನಲ್ಲಿ ಅದು ನೀವು ಬರೆದ ಹಾಗೇ ಬಂದಿದೆಯಾ ಅಂತ ನಾನು ಹೋಲಿಸಿ ನೋಡುತ್ತೇನೆ.